ಪೂರ್ವಕ್ಕೆ ಮುಖ ಮಾಡಿದ ಟ್ರ್ಯಾಕ್ಟರ್

ಬೆಲ್ಟ್ ಸುತ್ತುವ ಗಾಲಿಗಳಲ್ಲಿ ಎಂಜಿನ್ನಿನ ಕಡೆಯ ಪುಲ್ಲಿ ಚಿಕ್ಕದಾಗಬೇಕು, ಗೇರ್‌ಬಾಕ್ಸಿನ ಕಡೆಯದು ದೊಡ್ಡದಾಗಬೇಕು. ಆಗ ಗಾಡಿ ನಿಧಾನವಾಗುತ್ತದೆ. ಇಷ್ಟು ಸರಳವಾದ ಸಂಗತಿಯನ್ನು ಆ ವರ್ಷ ಎಷ್ಟು ಜನ ಗಂಡಸರಿಗೆ ವಿವರಿಸಿದೆನೋ ನೆನಪಿಲ್ಲ. ಕೇಳಿದವರೆಲ್ಲ ನಕ್ಕು, ಉಲ್ಟಾ ಹಾಕು ಎಂದೇ ಸಲಹೆ ಕೊಟ್ಟರು. "ದೊಡ್ಡದನ್ನ ಮುಂದೆ ಹಾಕಮ್ಮ, ಹೈವೇ ಮೇಲೇ ಓಡಿಸ್ಬಹುದು!" ಹಳೆಯ ತೋಟದ ಟ್ರ್ಯಾಕ್ಟರುಗಳನ್ನು ಹವ್ಯಾಸಕ್ಕೆ ಕೊಂಡು, ಪುಲ್ಲಿ ಬದಲಿಸಿ, ಓಟದ ಗಾಡಿಗಳನ್ನಾಗಿ ಮಾಡುವವರು ನ್ಯೂಜೆರ್ಸಿಯಲ್ಲಿ ಆಗ ಬೇಕಾದಷ್ಟು ಮಂದಿ ಇದ್ದರು. ನಿಧಾನ ಮಾಡಲು ಹೊರಟವಳು ನಾನೊಬ್ಬಳೇ ಇದ್ದಿರಬೇಕು.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ಆದರೆ ಅಮೆರಿಕದಲ್ಲಿ ನನ್ನ ಅಧಿಕೃತ ಹೆಸರು ಅವಲಂಬಿತೆ. ಕಂಪ್ಯೂಟರುಗಳ ಒಳಗಿನ ವರ್ಷ ಎರಡು ಸಾವಿರಕ್ಕೆ ತಿರುಗಿದರೆ ಏನಾದೀತೋ ಎಂಬ ಭಯದಲ್ಲಿ ಬ್ಯಾಂಕುಗಳೂ ವಿಮಾ ಕಂಪನಿಗಳೂ ಸಿಕ್ಕಿದ ಪ್ರೋಗ್ರಾಮರುಗಳನ್ನೆಲ್ಲ ಕರೆಸಿಕೊಳ್ಳುತ್ತಿದ್ದ ಕಾಲ ಅದು. ನನ್ನ ಗಂಡ ಪಾರ್ಸಿಪನಿಯ ಒಂದು ಕನ್ಸಲ್ಟೆನ್ಸಿಯ ಮೂಲಕ ಬಂದಿದ್ದ. ಅವನ ಹಿಂದೆ ಎಚ್-ಫೋರ್ ವೀಸಾದ ಮೇಲೆ ನಾನು. ಆ ವೀಸಾ ನನಗೆ ಅಡುಗೆ ಮಾಡಲು, ಬಟ್ಟೆ ಒಗೆಯಲು, ಗಂಡನ ಕಾರಿನಲ್ಲಿ ಕುಳಿತು ಅಂಗಡಿಗೆ ಹೋಗಲು ಅನುಮತಿ ಕೊಡುತ್ತಿತ್ತು. ಕಲಿತ ವಿದ್ಯೆಯಿಂದ ದುಡಿಯಲು ಕೊಡುತ್ತಿರಲಿಲ್ಲ. ಇದು ಅನ್ಯಾಯ. ಅಂದು ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ಮನವಿಪತ್ರ ಹಿಡಿದು ನಿಂತು ಬಂದವರಿಗೆಲ್ಲ ಹೇಳುತ್ತಿದ್ದೆ, ಇಂದೂ ಹೇಳುತ್ತೇನೆ. ಒಂದು ದೇಶ ಒಬ್ಬ ಹೆಂಗಸಿನ ಕೈಗಳನ್ನು ಕಾನೂನುಬಾಹಿರ ಮಾಡಬಾರದು.

ಮೈಸೂರಿನಲ್ಲಿ ನಾನು ಓದಿದ ಶಾಲೆಯಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ, ಬೆಳಗಿನ ಪ್ರಾರ್ಥನೆಯೂ ಇರಲಿಲ್ಲ. ಹೆಣ್ಣುಮಕ್ಕಳೂ ಗಂಡುಮಕ್ಕಳೂ ಒಂದೇ ಬೆಂಚಿನ ಮೇಲೆ ಅರ ಹಿಡಿದು ಕಬ್ಬಿಣ ಉಜ್ಜುತ್ತಿದ್ದೆವು. ವಾರದ ಕೊನೆಯಲ್ಲಿ ವೃತ್ತಾಕಾರವಾಗಿ ಕೂತು, ಆ ವಾರ ಕಂಡ ತಪ್ಪುಗಳನ್ನು, ಅವು ಮೇಷ್ಟರವೇ ಆಗಿರಲಿ, ಎದುರೆದುರೇ ಹೇಳುತ್ತಿದ್ದೆವು. ತಪ್ಪನ್ನು ಕಂಡ ಜಾಗದಲ್ಲೇ ಹೇಳಬೇಕೆಂಬ ಆ ಶಾಲೆಯ ಪಾಠವನ್ನು ನಾನು ಹಡಗಿನ ಲಂಗರಿನಂತೆ ಎಲ್ಲೆಡೆ ಹೊತ್ತು ತಿರುಗಿದ್ದೇನೆ. ಅದರ ಭಾರ ನನ್ನ ಗಂಡನಿಗೆ ಹೆಚ್ಚು ಗೊತ್ತು.

ಊರಿನ ಹೊರಗೆ, ಹೈವೇಯ ಪಕ್ಕದಲ್ಲಿ, ಕರಾವಳಿಯ ಒಬ್ಬ ಹೆಂಗಸು ಒಂದು ಹಳೆಯ ಮೋಟೆಲ್ ನಡೆಸುತ್ತಿದ್ದರು. ಎಲ್ಲರ ಹಾಗೆ ನಾನೂ ಅವರನ್ನು ಆಂಟಿ ಎನ್ನುತ್ತಿದ್ದೆ. ಅಪಾರ್ಟ್‌ಮೆಂಟ್ ಸಿಗುವ ಮೊದಲು ನಾವು ತಂಗಿದ್ದು ಅಲ್ಲಿಯೇ. ಅವರ ಗಂಡ ತೀರಿಕೊಂಡು ವರ್ಷವಾಗಿತ್ತು. ಮೋಟೆಲನ್ನು ಕೊಂಡಿದ್ದು ಆ ಗಂಡನೂ ಅವರ ತಮ್ಮನೂ ಜೊತೆಯಾಗಿ. ಈಗ ಉಳಿದಿದ್ದವರು ಈ ಅತ್ತಿಗೆ ಮತ್ತು ವೆಸ್ಟ್ ವಿಂಡ್ಸರ್‌ನಲ್ಲಿದ್ದ ಆ ಮೈದುನ. ಐಟಿ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮೈದುನನಿಗೆ ಜಾಗ ಮಾರುವ ಆತುರ. ಸುತ್ತಲೂ ಆಫೀಸುಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಬಿಲ್ಡರುಗಳು ವಿಚಾರಿಸುತ್ತಿದ್ದರು. ಆಂಟಿಗೆ ಮಾರುವುದು ಬೇಡ. ಮಾರಿದರೆ ಅವರು ಹೋಗಬೇಕಾದದ್ದು ಮೈದುನನ ಮನೆಯ ಮೇಲಂತಸ್ತಿನ ಕೋಣೆಗೆ. ಅಲ್ಲಿ ಅವರ ಕೆಲಸ ಸಾರಿಗೆ ಒಗ್ಗರಣೆ ಹಾಕುವುದು. ಹೊರಗೆ ಅದಕ್ಕೆ ಗೌರವದ ಆಸರೆ ಎಂಬ ಹೆಸರು ಬೇರೆ.

ಆಂಟಿಯ ದುರ್ಬಲ ಜಾಗವೆಂದರೆ ಹುಲ್ಲು. ಲೆಕ್ಕ, ಹಾಸಿಗೆ, ಬಾಡಿಗೆಯವರ ಜಗಳ ಎಲ್ಲವನ್ನೂ ಅವರು ಸಂಭಾಳಿಸುತ್ತಿದ್ದರು. ಕಟ್ಟಡದ ಹಿಂದೆ ತೊರೆಯವರೆಗೆ ಇಳಿಯುವ ಹುಲ್ಲಿನ ಇಳಿಜಾರು ಮಾತ್ರ ಅವರ ಕೈ ಮೀರಿತ್ತು. ಅಲ್ಲಿನ ಪುರಸಭೆಯಂಥ ಟೌನ್‌ಶಿಪ್‌ನವರು ಹುಲ್ಲು ಎತ್ತರವಾಗಿದೆಯೆಂದು ಎಚ್ಚರಿಕೆ ಕಳಿಸಿದಾಗಲೆಲ್ಲ ಮೈದುನ ಅದನ್ನೇ ಹಿಡಿಯುತ್ತಿದ್ದರು: "ನೋಡಿ ಅತ್ತಿಗೆ, ಹುಲ್ಲು ಸಹ ಮ್ಯಾನೇಜ್ ಆಗ್ತಾ ಇಲ್ಲ ನಿಮ್ಮಿಂದ." ಕೊಯ್ಯುವ ಕಂಪನಿಯವರನ್ನು ಕರೆಸಲು ಇಬ್ಬರ ಸಹಿ ಬೇಕಿತ್ತು, ಮೈದುನ ಹಾಕುತ್ತಿರಲಿಲ್ಲ. ಒಬ್ಬರ ಕಾಲು ಕಟ್ಟಿ, ನಡೆಯಲು ಬರುವುದಿಲ್ಲ ಎಂದು ಸಾಬೀತು ಮಾಡುವ ಈ ವಿಧಾನವನ್ನು ನಾನು ಬೇರೆಡೆಯೂ ಕಂಡಿದ್ದೇನೆ.

ಮೋಟೆಲಿನ ಜೊತೆಗೇ ಬಂದಿದ್ದ ಟ್ರ್ಯಾಕ್ಟರೊಂದು ಶೆಡ್ಡಿನಲ್ಲಿತ್ತು, ನನಗಿಂತ ವಯಸ್ಸಾದದ್ದು. ದೊಡ್ಡ ಹೊಲದ ಟ್ರ್ಯಾಕ್ಟರಿನ ಮರಿಯಂತಿದ್ದ ಅದರ ಹೊಟ್ಟೆಯಡಿ ಹುಲ್ಲು ಕತ್ತರಿಸುವ ಅಲಗುಗಳಿರುವ ಕಬ್ಬಿಣದ ಭಾರಿ ಮುಚ್ಚಳ ತೂಗುತ್ತಿತ್ತು, ಡೆಕ್ ಎನ್ನುತ್ತಾರೆ. ಅದನ್ನು ಎತ್ತಿ ಇಳಿಸಲು ಕೈಯ ಪಕ್ಕ ಒಂದು ಲಿವರ್. ಗೇರು ಎಷ್ಟು ಕೆಳಗಿನದಾದರೂ ಗಾಡಿ ಇಳಿಜಾರಿನಲ್ಲಿ ಆಂಟಿಯ ಧೈರ್ಯಕ್ಕಿಂತ ವೇಗವಾಗಿ ಹೋಗುತ್ತಿತ್ತು. ಅದಕ್ಕಿಂತ ಅಪಾಯದ ಸಂಗತಿ ಪೆಡಲಿನದು. ಕ್ಲಚ್ಚಿಗೂ ಬ್ರೇಕಿಗೂ ಒಂದೇ ಪೆಡಲ್. ಅರ್ಧ ಒತ್ತಿದರೆ ಬೆಲ್ಟ್ ಸಡಿಲವಾಗಿ ಚಕ್ರಗಳಿಗೂ ಎಂಜಿನ್ನಿಗೂ ಸಂಬಂಧ ಕಡಿಯುತ್ತದೆ. ಪೂರ್ತಿ ಒತ್ತಿದರಷ್ಟೇ ಬ್ರೇಕ್ ಹಿಡಿಯುತ್ತದೆ. ಇಳಿಯುವಾಗ ಹೆದರಿ ಪೆಡಲನ್ನು ಅರ್ಧ ಒತ್ತಿದವರ ಗಾಡಿ ನಿಲ್ಲುವುದಿಲ್ಲ, ಬಿಟ್ಟ ಬಂಡಿಯಂತೆ ಉರುಳುತ್ತದೆ. ಕೆಳಗೆ ತೊರೆಯ ದಂಡೆಗೆ ಕಟ್ಟಿದ ಕಲ್ಲುಗಳು.

ಪುಲ್ಲಿಗಳನ್ನು ಬದಲಿಸಿದರೆ ಗಾಡಿ ಅಂಬೆಗಾಲಿಟ್ಟಷ್ಟು ನಿಧಾನವಾಗುತ್ತದೆ, ಎಂಜಿನ್ನೇ ಅದನ್ನು ಹಿಂದಿನಿಂದ ಹಿಡಿದುಕೊಂಡಿರುತ್ತದೆ, ಪೆಡಲ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ ಎಂದು ನಾನು ಹೇಳಿದಾಗ ಆಂಟಿ ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದರು.

"ನಿಂಗೆ ಇದೆಲ್ಲ ಗೊತ್ತುಂಟಾ ಮಾರಾಯ್ತಿ? ನಾನು ನೀನು ಬರೀ ಭಾಷಣ ಮಾಡುವವಳು ಅಂತ ಗ್ರಹಿಸಿದ್ದೆ."

ಎಂಜಿನ್ನಿನ ಪುಲ್ಲಿ ತುಕ್ಕು ಹಿಡಿದು ಶಾಫ್ಟಿಗೇ ಬೆಸೆದುಕೊಂಡಿತ್ತು. ಎಣ್ಣೆ ಬಿಟ್ಟು, ಕಾಯಿಸಿ, ಪುಲ್ಲಿ ಕೀಳುವ ಪುಲ್ಲರ್ ಕಚ್ಚಿಸಿ, ದಿನವೂ ಸ್ವಲ್ಪ ಸ್ವಲ್ಪ ತಿರುಗಿಸಿ, ಕೊನೆಗೆ ಅದು ಠಣ್ ಎಂದು ಬಿಟ್ಟುಕೊಟ್ಟಾಗ ಆಂಟಿ ಆಫೀಸಿನ ಕಿಟಕಿಯಿಂದ ತಲೆ ಹೊರಹಾಕಿ, ಏನು ಒಡೆಯಿತೆಂದು ಕೂಗಿದರು. ಹಿಂದಿನ ದೊಡ್ಡ ಪುಲ್ಲಿ ಗಾಡಿಯ ಚೌಕಟ್ಟಿನ ಕಬ್ಬಿಣಕ್ಕೆ ಉಜ್ಜುತ್ತಿತ್ತು. ವಾಷರ್‌ಗಳನ್ನು ಸೇರಿಸಿ ಹೊರಗೆ ತಂದೆ, ಆಗ ಮುಂದಿನ ಪುಲ್ಲಿಯ ನೇರ ತಪ್ಪಿತು. ಎರಡೂ ಒಂದೇ ರೇಖೆಯಲ್ಲಿಲ್ಲದಿದ್ದರೆ ಬೆಲ್ಟ್ ಕಳಚಿಕೊಳ್ಳುತ್ತದೆ. ಮರದ ಪಟ್ಟಿಯೊಂದನ್ನು ಎರಡಕ್ಕೂ ಆನಿಸಿ ಕಣ್ಣು ಕಿರಿದು ಮಾಡಿ ನೋಡುತ್ತ ಕಳೆದ ಆ ಮಧ್ಯಾಹ್ನಗಳು, ಈ ದೇಶಕ್ಕೆ ಬಂದ ಮೇಲೆ ನಾನು ನಾನಾಗಿದ್ದ ಮೊದಲ ಮಧ್ಯಾಹ್ನಗಳು.

ಮೊದಲು ಹಾಕಿದ್ದು ಕಾರಿನ ಅಂಗಡಿಯಲ್ಲಿ ಸಿಕ್ಕ ಬೆಲ್ಟು. ಅದು ಪುಲ್ಲಿಯನ್ನು ಕಚ್ಚಿ ಹಿಡಿದು, ಪೆಡಲ್ ಒತ್ತಿದರೂ ಬಿಡದೆ ಗಾಡಿಯನ್ನು ಎಳೆದುಕೊಂಡೇ ಹೋಯಿತು. ಇಂಥ ಗಾಡಿಗಳಿಗೆ ಮೇಲೆ ಬಟ್ಟೆ ಹೊದಿಸಿದ, ಸಡಿಲಿಸಿದೊಡನೆ ಜಾರುವ ಬೆಲ್ಟೇ ಬೇಕು. ಅಂಥವನ್ನು ಜೋಡಿಯಾಗಿ ತರಿಸಿ ಒಂದನ್ನು ಹಾಕಿ, ಇನ್ನೊಂದನ್ನು ಶೆಡ್ಡಿನ ಮೊಳೆಗೆ ತೂಗುಹಾಕಿದೆ.

ಗಾಡಿ ಸಿದ್ಧವಾದ ಮೇಲೆ ಆಂಟಿಗೆ ಅಭ್ಯಾಸ. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಕಾಲಿಗೆ ಸ್ನೀಕರ್ಸ್ ಹಾಕಿ ಹತ್ತುತ್ತಿದ್ದರು. ಅವರ ಬಲ ಮಂಡಿ ಸವೆದಿತ್ತು.

"ಪೆಡಲನ್ನ ಪೂರ್ತಿ ಬಿಡಿ, ಇಲ್ಲ ಪೂರ್ತಿ ಒತ್ತಿ ಆಂಟಿ. ಅರ್ಧ ಅನ್ನೋದೇ ಇಲ್ಲ."

"ಮದುವೆಯ ಹಾಗೆ ಅನ್ನು."

"ತಮಾಷೆ ಬೇಡ. ಹೇಳಿ ನೋಡೋಣ."

"ಅರ್ಧ ಇಲ್ಲ, ಅರ್ಧ ಇಲ್ಲ. ಎಂತ ಟೀಚರಮ್ಮ ನೀನು! ನಿನ್ನ ಗಂಡ ಪಾಪ."

ಸೆಪ್ಟೆಂಬರ್ ಮುಗಿಯುವಾಗ ಆಂಟಿ ಇಳಿಜಾರಿನ ಮೇಲ್ಭಾಗವನ್ನು ತಾವೇ ಕೊಯ್ಯುತ್ತಿದ್ದರು. ಟ್ರ್ಯಾಕ್ಟರ್ ಇರುವೆಯ ಹಾಗೆ ಇಳಿಯುತ್ತಿತ್ತು, ಇರುವೆಯ ಹಾಗೆ ಏರುತ್ತಿತ್ತು.

ಒಂದು ಭಾನುವಾರ ಮೈದುನ ಬಂದು ಇದನ್ನು ಕಂಡರು. ನನ್ನ ಕೈಯ ಗ್ರೀಸನ್ನೂ ಕಂಡರು.

"ಇದೆಲ್ಲ ನೀನು ಮಾಡಿದ್ದಾ? ವೆರಿ ಗುಡ್. ನೀನು ಎಚ್-ಫೋರ್ ಅಲ್ವಾ?"

"ಹೌದು ಅಂಕಲ್."

"ಮತ್ತೆ ಇದು ಕೆಲಸ ಅಲ್ವಾ? ಮೋಟೆಲ್ ಬಿಸಿನೆಸ್ಸು. ಬೀ ಕೇರ್‌ಫುಲ್. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ನಿನ್ನ ಗಂಡಂದು ಗ್ರೀನ್ ಕಾರ್ಡೂ ಹೋಗತ್ತೆ. ನಾನು ನಿನ್ನ ಒಳ್ಳೇದಕ್ಕೇ ಹೇಳೋದು."

ಬೆದರಿಕೆಯನ್ನು ಹಿತವಚನದ ಬಟ್ಟೆಯಲ್ಲಿ ಸುತ್ತಿ ಕೊಡುವುದು ಒಂದು ತಪ್ಪು. ನಾನು ಅದನ್ನು ಅಲ್ಲಿಯೇ ಹೇಳಿದೆ. "ಒಂದು ಕಾಸೂ ತಗೊಂಡಿಲ್ಲ ನಾನು. ಆದರೂ ಹೆದರಿಸ್ತಾ ಇದ್ದೀರಿ ಅಂಕಲ್, ಇದು ಸರಿಯಲ್ಲ." ಅವರು ನಕ್ಕು, ಅತ್ತಿಗೆಯ ಕಡೆ ತಿರುಗಿದರು. "ಆಯುಧಪೂಜೆಗೆ ನಾವೆಲ್ಲ ಇಲ್ಲಿಗೇ ಬರ್ತೇವೆ. ಅವತ್ತು ಇಡೀ ಇಳಿಜಾರು ನೀವೊಬ್ರೇ ಕೊಯ್ದು ತೋರಿಸಿ, ಮಾರುವ ವಿಷಯ ನಾನು ಮತ್ತೆ ಎತ್ತುವುದಿಲ್ಲ. ಆಗದಿದ್ರೆ ಮಾರುವುದು ಬೇಡ ಅಂತ ನೀವು ಹೇಳಬಾರದು."

"ಆಯ್ತು" ಎಂದರು ಆಂಟಿ, ನನ್ನನ್ನು ಕೇಳದೆ.

ಮನೆಯಲ್ಲಿ ನನ್ನ ಗಂಡ ಟೈ ಬಿಚ್ಚುತ್ತ ಹೇಳಿದ: "ನಿಂಗೆ ಸುಮ್ನೆ ಇರೋಕೇ ಆಗಲ್ವಾ? ನಾನು ಪ್ರಾಜೆಕ್ಟ್ ಇಲ್ದೆ ಬೆಂಚ್ ಮೇಲೆ ಕೂತ್ರೆ ಸಂಬಳಾನೂ ಕೊಡಲ್ಲ ಇವ್ರು. ಇದರ ಮಧ್ಯೆ ಕಂಪ್ಲೇಂಟು ಬೇರೆ."

"ಸಂಬಳ ಕೊಡದೇ ಇರೋದು ಕಾನೂನಿಗೆ ವಿರುದ್ಧ. ಅದನ್ನೂ ನೀನು ಹೇಳ್ಬೇಕು."

"ಹಬ್ಬದ ದಿನ ಒಂದಿನ ಬಾಯಿ ಮುಚ್ಕೊಂಡಿರು. ಪ್ಲೀಸ್. ಅಷ್ಟೇ ಕೇಳ್ತಿರೋದು."

ನಾನು ಮಾತು ಕೊಡಲಿಲ್ಲ.

ಇಲ್ಲಿ ಹಬ್ಬಗಳೆಲ್ಲ ಶನಿವಾರಕ್ಕೇ ಬರುತ್ತವೆ, ಆಯುಧಪೂಜೆಯೂ ಬಂತು. ಮರಗಳು ಕೆಂಪಾಗಿದ್ದವು. ನಾವು ತಲುಪುವಷ್ಟರಲ್ಲಿ ಶೆಡ್ಡಿನಿಂದ ಟ್ರ್ಯಾಕ್ಟರನ್ನು ಹೊರತಂದು, ತೊಳೆದು, ಚೆಂಡುಹೂವಿನ ಹಾರ ಹಾಕಿ, ಮುಂದಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟಾಗಿತ್ತು. ಪೂಜೆ ಮುಗಿದ ಮೇಲೆ ಗಾಡಿ ನಿಂಬೆಹಣ್ಣನ್ನು ತುಳಿದು ಮುಂದೆ ಸಾಗಬೇಕು. ಗಾಡಿ ಯಾವಾಗಲೂ ಕಟ್ಟಡದ ಕಡೆಗೆ, ಎಂದರೆ ಪಶ್ಚಿಮಕ್ಕೆ, ಮುಖ ಮಾಡಿ ನಿಲ್ಲುತ್ತಿತ್ತು. ಅಂದು ಅದನ್ನು ಪೂರ್ವಕ್ಕೆ ತಿರುಗಿಸಿದ್ದರು, ಶುಭ ದಿಕ್ಕೆಂದು. ಆ ಜಾಗದಲ್ಲಿ ಪೂರ್ವವೆಂದರೆ ಇಳಿಜಾರು. ನಿಂಬೆಹಣ್ಣಿನಾಚೆ ನೆಲವೇ ಬಾಗುತ್ತಿತ್ತು.

ನಾನು ಕಂಡೆ, ಆದರೆ ಆತಂಕಪಡಲಿಲ್ಲ. ಕೆಳಗಿನ ಗೇರಿನಲ್ಲಿ ಎಂಜಿನ್ ಹಿಡಿದಿರುತ್ತದೆ. ಇದೇ ಇಳಿಜಾರನ್ನು ಆಂಟಿ ಎಷ್ಟೋ ಸಲ ಇಳಿದಿದ್ದರು. ಪೂಜೆಯ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ, ಆರತಿ ತೆಗೆದುಕೊಳ್ಳುವುದಿಲ್ಲ; ಯಂತ್ರಕ್ಕೆ ಕೊಡಬೇಕಾದ ಗೌರವ ಗ್ರೀಸ್ ಎಂದು ನಂಬಿದವಳು. ಹಾಗಾಗಿ ದೂರದಲ್ಲಿ, ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದೆ. ಅತಿಥಿಗಳಲ್ಲಿ ಕೆಲವರು ನನ್ನ ಕಡೆ ನೋಡಿ ಏನೋ ಹೇಳಿಕೊಂಡು ನಕ್ಕರು.

ಮೈದುನನ ಹೆಂಡತಿ ಆರತಿ ಎತ್ತಿದರು. ಆಂಟಿ ಸೀಟಿನ ಕಡೆ ಬರುತ್ತಿದ್ದಂತೆ ಮೈದುನ ಅಡ್ಡ ಬಂದರು. ಕೊಯ್ಯುವುದಕ್ಕೂ ನಿಂಬೆಹಣ್ಣು ತುಳಿಸುವುದಕ್ಕೂ ವ್ಯತ್ಯಾಸವಿದೆ ಎಂಬ ಧಾಟಿಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು:

"ಅತ್ತಿಗೆ, ಬೇಜಾರು ಮಾಡ್ಕೊಳ್ಬೇಡಿ. ಶುಭಕಾರ್ಯ ಇದು. ಮೊದಲು ನಾನು ಹತ್ತಿ ಮುಂದೆ ತಗೊಳ್ತೇನೆ. ಆಮೇಲೆ ನೀವು ಎಷ್ಟು ಬೇಕಾದ್ರೂ ಕೊಯ್ಯಿರಿ."

ಆಂಟಿ ಸ್ಟಿಯರಿಂಗಿನ ಮೇಲಿಟ್ಟಿದ್ದ ಕೈ ತೆಗೆದರು. ಬರೀ ಆ ಕೈ ತೆಗೆದ ರೀತಿಯನ್ನೇ ನನ್ನಿಂದ ಸಹಿಸಲಾಗಲಿಲ್ಲ. ಪಕ್ಕದಲ್ಲಿದ್ದ ಗಂಡ ನನ್ನ ತೋಳು ಹಿಡಿದ, ಬಿಡಿಸಿಕೊಂಡು ನಡೆದೆ.

"ಗಂಡ ಸತ್ತರೆ ಹೆಂಗಸಿನ ಕಾಲು ಅಶುಭ ಆಗತ್ತಾ ಅಂಕಲ್? ಈ ಮೋಟೆಲ್ಲಿನ ಬಾಗಿಲು ದಿನಾ ಬೆಳಿಗ್ಗೆ ತೆಗೆಯೋದು ಯಾರು? ಅದು ಅಶುಭ ಅಲ್ಲ, ದುಡ್ಡು ಬರತ್ತೆ ಅದರಿಂದ. ಇದು ಮಾತ್ರ ಅಶುಭ!"

"ನೀನು ಪೂಜೇನೇ ನಂಬುವವಳಲ್ಲ. ನಿಂಗೆ ಇದರಲ್ಲಿ ಎಂತ ಮಾತು?"

"ನಂಬಲ್ಲ. ಅವರು ನಂಬ್ತಾರೆ. ಅವರ ಗಾಡಿ, ಅವರ ಹಬ್ಬ. ಅವರೇ ಹತ್ತಬೇಕು."

ಯಾರೋ ಹಿರಿಯರು, "ಹೋಗ್ಲಿ ಬಿಡಿ ಸಾರ್, ಅಮೆರಿಕಾದಲ್ಲಿ ಇದೆಲ್ಲ ಯಾರು ನೋಡ್ತಾರೆ" ಎಂದರು. ಮೈದುನ ಹಿಂದೆ ಸರಿದರು. ಆಂಟಿ ನನ್ನನ್ನು ನೋಡಲಿಲ್ಲ. ಆದರೆ ಸೆರಗು ಬಿಗಿದು, ಸ್ನೀಕರ್ಸಿನ ಕಾಲೆತ್ತಿ ಹತ್ತಿ ಕುಳಿತರು. ಎಂಜಿನ್ ಒಂದೇ ಸಲಕ್ಕೆ ಎದ್ದಿತು.

ಆಗ ನಾನು ಗಾಡಿಯ ಪಕ್ಕದಲ್ಲೇ ನಿಂತಿದ್ದೆ. ಕಣ್ಣು ಅಭ್ಯಾಸಬಲದಿಂದ ಪುಲ್ಲಿಯ ಕಡೆ ಹೋಯಿತು. ನಾನು ಉಜ್ಜಿ ಒಣಗಿಸಿ ಇಟ್ಟಿದ್ದ ಪುಲ್ಲಿ ಹಳದಿಯಾಗಿ ಮಿನುಗುತ್ತಿತ್ತು. ಬೆಲ್ಟಿನ ಉದ್ದಕ್ಕೂ ಅದೇ ಮಿನುಗು. ಅದರ ಅಂಚಿನಿಂದ ಒಂದು ಹನಿ ಬಿಸಿಲಿನಲ್ಲಿ ಹೊಳೆದು ಕೆಳಗೆ ಬಿತ್ತು. ಕೊಬ್ಬರಿ ಎಣ್ಣೆಯ ವಾಸನೆ.

ತಿರುಗುವುದಕ್ಕೆಲ್ಲ ಎಣ್ಣೆ ಅರಿಶಿನ ಹಚ್ಚಿದ್ದರು. ಸಡಿಲಿಸಿದಾಗ ಜಾರಲೆಂದೇ ಮಾಡಿದ ಬೆಲ್ಟು. ಅದಕ್ಕೆ ಎಣ್ಣೆ ಕುಡಿಸಿದರೆ ಬಿಗಿಯಾಗಿದ್ದರೂ ಅದು ಜಾರುತ್ತದೆ. ಚಕ್ರಗಳನ್ನು ಎಂಜಿನ್ ಹಿಡಿಯುವುದಿಲ್ಲ. ಮುಂದೆ ಇಳಿಜಾರು, ಕೆಳಗೆ ಕಲ್ಲು.

"ಆಂಟಿ, ಬೇಡ! ಇಳೀರಿ! ಎಂಜಿನ್ ಆಫ್ ಮಾಡಿ!"

ಮೈದುನ ಚಪ್ಪಾಳೆ ತಟ್ಟಿ ನಕ್ಕರು. "ಕೇಳಿದ್ರಾ? ಈಗಷ್ಟೇ ಹತ್ತಿ ಅಂದ್ಳು, ಈಗ ಇಳೀರಿ ಅಂತಾಳೆ! ಎಲ್ಲಕ್ಕೂ ಒಂದು ಆಬ್ಜೆಕ್ಷನ್!" ಸುತ್ತಲಿದ್ದವರೂ ನಕ್ಕರು. ಎಂಜಿನ್ನಿನ ಸದ್ದಿನಲ್ಲಿ ಎಣ್ಣೆ ಎಂಬ ನನ್ನ ಮಾತು ಯಾರಿಗೂ ಕೇಳಿಸಲಿಲ್ಲ. ಆಂಟಿ ಒಮ್ಮೆ ನನ್ನತ್ತ ತಿರುಗಿದರು. ಆ ನೋಟದಲ್ಲಿ ಇದ್ದದ್ದು ನೋವು: ನೀನೂ ಕೊನೆಗೆ ಅವರ ಜೊತೆಗೇ ಸೇರಿದೆಯಾ? ಮತ್ತೆ ಮುಖ ಪೂರ್ವಕ್ಕೆ ತಿರುಗಿಸಿ ಪೆಡಲಿನಿಂದ ಕಾಲು ತೆಗೆದರು.

ನಿಂಬೆಹಣ್ಣುಗಳು ಒಡೆದವು. ಗಾಡಿ ಮೊದಲ ಅಂಚು ದಾಟುವವರೆಗೆ ಎಂದಿನಂತೆ ತೆವಳಿತು. ನಂತರ ಮೂಗು ಕೆಳಗಾದದ್ದೇ ತಡ, ಬೆಲ್ಟ್ ಕೀರಲು ದನಿ ಹೊರಡಿಸಿತು, ಎಂಜಿನ್ನಿನ ಸದ್ದು ಒಂದು ಕಡೆಯಾಗಿ ಚಕ್ರಗಳ ಓಟ ಇನ್ನೊಂದು ಕಡೆಯಾಯಿತು. ಹೂವಿನ ಹಾರ ಹಿಂದಕ್ಕೆ ಹಾರಿ ಆಂಟಿಯ ಮುಖಕ್ಕೆ ಬಡಿಯಿತು. ನಾನು ಪಕ್ಕದಲ್ಲಿ ಓಡುತ್ತಿದ್ದೆ. ಅವರ ಕಾಲು ಪೆಡಲಿನ ಮೇಲೆ ಹೋದದ್ದು ಕಂಡಿತು. ಹೆದರಿದ ಕಾಲು, ಅರ್ಧಕ್ಕೇ ನಿಂತಿತು. ಉಳಿದಿದ್ದ ಅಲ್ಪ ಹಿಡಿತವೂ ಹೋಗಿ ಗಾಡಿ ಜಿಗಿಯಿತು.

"ಅರ್ಧ ಇಲ್ಲ! ಆಂಟಿ, ಅರ್ಧ ಇಲ್ಲ!"

ಅದು ಕೇಳಿಸಿತು. ಸವೆದ ಮಂಡಿಯ ಬಲಗಾಲಿನ ಮೇಲೆ ಎಡಗಾಲನ್ನೂ ಇಟ್ಟು, ಸೀಟಿನಿಂದ ಎದ್ದು, ಇಡೀ ಮೈಭಾರ ಹಾಕಿ ಪೆಡಲನ್ನು ತುಳಿದರು. ಬ್ರೇಕ್ ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು. ಎಣ್ಣೆ ಅಲ್ಲಿಗೂ ಹೋಗಿತ್ತು. ತೊರೆಯ ಸದ್ದು ಹತ್ತಿರವಾಗುತ್ತಿತ್ತು. ಕಲ್ಲುಗಳ ಮೇಲಿನ ಪಾಚಿಯ ಬಣ್ಣ ನನಗೆ ಕಾಣತೊಡಗಿತ್ತು. ಗಾಡಿಯ ಮುಂದೆ ಹೋಗಿ ಅಡ್ಡ ನಿಲ್ಲಬೇಕೆಂಬ ಮೂರ್ಖ ಯೋಚನೆ ಬಂದದ್ದೂ ನಿಜ.

ಆಗ ಆಂಟಿ ನಾನು ಹೇಳಿಕೊಡದ ಕೆಲಸವೊಂದನ್ನು ಮಾಡಿದರು. ಪಕ್ಕದ ಲಿವರಿನ ಕೊಕ್ಕೆ ಕಿತ್ತರು. ಹೊಟ್ಟೆಯಡಿಯ ಕಬ್ಬಿಣದ ಡೆಕ್ ಧೊಪ್ಪನೆ ನೆಲಕ್ಕೆ ಬಿದ್ದು, ಹುಲ್ಲನ್ನೂ ಮಣ್ಣನ್ನೂ ಬಾಚುತ್ತ ಎಳೆಯಿತು. ಹಿಂದಿನ ಚಕ್ರಗಳು ಅಡ್ಡಡ್ಡ ಜಾರಿದವು. ಗಾಡಿ ನಿಂತಾಗ ಅದರ ಮೂತಿಗೂ ಮೊದಲ ಕಲ್ಲಿಗೂ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಉಳಿದಿತ್ತು.

ಎಂಜಿನ್ ಆರಿಸಿದ್ದು ನಾನು. ಆಂಟಿಯ ಕೈಗಳು ಸ್ಟಿಯರಿಂಗ್ ಬಿಡಲಿಲ್ಲ. ಹಣೆಯ ಮೇಲೆ ಚೆಂಡುಹೂವಿನ ದಳಗಳು ಅಂಟಿದ್ದವು.

ಎಲ್ಲರೂ ಕೆಳಗೆ ಓಡಿ ಬಂದರು. ಮೈದುನನ ಮುಖ ನಿಜವಾಗಿಯೂ ಬಿಳಿಚಿತ್ತು. ಅದನ್ನು ಮರೆಮಾಚುವುದು ಅನ್ಯಾಯ. ಆದರೆ ಉಸಿರು ಬಂದೊಡನೆ ಅವರು ಹೇಳಿದ್ದು ಬೇರೆ. "ಸಾಕು ಅತ್ತಿಗೆ. ಮುಗೀತು. ಈ ಹುಡುಗಿ ಗಾಡಿ ಬಿಚ್ಚಿ ಹಾಳು ಮಾಡಿದ್ದಾಳೆ. ಇವತ್ತೇ ಬಿಲ್ಡರಿಗೆ ಫೋನ್ ಮಾಡ್ತೇನೆ. ಮತ್ತೆ ನಿನ್ನ ವಿಷಯವನ್ನೂ ನೋಡ್ಬೇಕಾಗುತ್ತೆ."

ಕೊನೆಯ ಮಾತು ನನಗೆ. ನನ್ನ ಗಂಡ ನೆಲ ನೋಡುತ್ತಿದ್ದ.

ಆಂಟಿ ಇಳಿದರು. ಬಾನೆಟ್ ಹಿಡಿದು ನಿಂತರು. "ಎಂತ ಆಯ್ತು? ನೀನು ಹೇಳು. ಎಲ್ಲರ ಎದುರು ಹೇಳು."

ಗಾಡಿಯದು ದೋಷ ಎಂದರೆ ನನ್ನ ಕೆಲಸ ತಪ್ಪಾಗುತ್ತಿತ್ತು, ಮೈದುನನ ದೂರಿಗೆ ಸಾಕ್ಷಿ ಸಿಗುತ್ತಿತ್ತು. ಎಣ್ಣೆಯದು ಎಂದರೆ ಹಚ್ಚಿದವರ ತಪ್ಪು, ಹಚ್ಚಿದವರು ಯಾರೆಂದು ಆಂಟಿಯ ಹಳದಿ ಬೆರಳುಗಳೇ ಹೇಳುತ್ತಿದ್ದವು; ಮೋಟೆಲ್ ನಡೆಸಲಾರರು ಎನ್ನುವವರಿಗೆ ಅದಕ್ಕಿಂತ ಬೇರೆ ಏನು ಬೇಕು? ಆ ಒಂದು ಗಳಿಗೆ, ನನ್ನ ಶಾಲೆಯ ವೃತ್ತದಲ್ಲಿ ಎಂದೂ ಇರದಿದ್ದ ಹಿಂಜರಿಕೆ ನನಗಾಯಿತು.

"ಬೆಲ್ಟಿಗೆ ಎಣ್ಣೆ ಹಚ್ಚಿದೆ ಆಂಟಿ" ಎಂದೆ. "ಈ ಬೆಲ್ಟು ರಬ್ಬರಿಂದು. ಎಣ್ಣೆ ಬಿದ್ರೆ ಜಾರತ್ತೆ. ಪುಲ್ಲಿ ಸರಿಯಾಗಿದೆ."

ಆಂಟಿ ಬಗ್ಗಿ ಪುಲ್ಲಿ ನೋಡಿದರು, ತಮ್ಮ ಬೆರಳು ನೋಡಿದರು. "ಹಚ್ಚಿದ್ದು ನಾನೇ. ನಮ್ಮ ಅಪ್ಪನ ಅಕ್ಕಿ ಮಿಲ್ಲಿನಲ್ಲಿ ಚಕ್ರಕ್ಕೆ ಹಾಕುವ ಪಟ್ಟಿ ಚರ್ಮದ್ದು. ವಾರವಾರ ಹರಳೆಣ್ಣೆ ಕುಡಿಸದಿದ್ರೆ ಬಿರಿಯುತ್ತಿತ್ತು. ಹಬ್ಬದ ದಿನ ಎಣ್ಣೆಗೆ ಅರಿಶಿನ ಹಾಕಿ ಮನೆಯ ಹೆಂಗಸರೇ ಹಚ್ಚುವುದು. ಅದೇ ಕೈ ಇದು." ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ ಕೇಳಿದರು: "ಒರೆಸಿದರೆ ಸರಿಯಾಗುತ್ತಾ?"

"ಪುಲ್ಲಿ, ಬ್ರೇಕು ಎರಡೂ ತೊಳೀಬೇಕು. ಬೆಲ್ಟ್ ಬೇರೆ ಹಾಕ್ಬೇಕು. ಶೆಡ್ಡಲ್ಲಿದೆ."

"ಹಾಗಾದ್ರೆ ತಾ."

"ಅತ್ತಿಗೆ, ಆರ್ ಯೂ ಸೀರಿಯಸ್? ಈಗ ತಾನೇ ಸಾಯ್ತಿದ್ರಿ!"

"ಸಾಯ್ಲಿಲ್ಲಲ್ಲ. ಎಣ್ಣೆ ಹಚ್ಚಿದ್ದು ನಾನು, ಗಾಡಿ ನಿಲ್ಲಿಸಿದ್ದೂ ನಾನು. ನೀನು ಹೇಳಿದ್ದು ಇಡೀ ಇಳಿಜಾರು ಕೊಯ್ದು ತೋರಿಸಲಿಕ್ಕೆ. ಹೊತ್ತು ಮುಳುಗ್ಲಿಲ್ಲ ಇನ್ನೂ."

ನಾವಿಬ್ಬರೂ ಇಳಿಜಾರಿನ ಬುಡದಲ್ಲಿ ಹುಲ್ಲಿನ ಮೇಲೆ ಕುಳಿತು ತೊಳೆದೆವು. ಆಂಟಿ ಲಾಂಡ್ರಿಯಿಂದ ಸೋಪಿನ ಪುಡಿ, ಬಿಸಿನೀರು, ಹಳೆಯ ಟವೆಲುಗಳನ್ನು ತರಿಸಿದರು. ನಾನು ಬ್ರೇಕಿನ ಪಟ್ಟಿಯನ್ನು ಬಿಚ್ಚಿ ಕೊಟ್ಟೆ. ಅವರು ಪಾತ್ರೆ ತಿಕ್ಕಿದಂತೆ ತಿಕ್ಕಿದರು. ಕೊನೆಗೆ ನನ್ನ ಗಂಡನೂ ಇಳಿದು ಬಂದು ಸ್ಪ್ಯಾನರ್ ಎತ್ತಿಕೊಡತೊಡಗಿದ. ಯಾವ ಸ್ಪ್ಯಾನರ್ ಎಂದು ಅವನಿಗೆ ಪ್ರತಿ ಸಲವೂ ಹೇಳಬೇಕಿತ್ತು. ಮೇಲೆ ಬಾಳೆಲೆಯ ಬದಲಿನ ಪೇಪರ್ ಪ್ಲೇಟುಗಳಲ್ಲಿ ಊಟ ನಡೆಯಿತು.

ಹೊಸ ಬೆಲ್ಟ್ ಹಾಕಿ, ಮೊದಲು ನಾನೇ ಗಾಡಿಯನ್ನು ಮೇಲಕ್ಕೆ ಏರಿಸಿ, ಸಮತಟ್ಟಿನಲ್ಲಿ ಬ್ರೇಕ್ ಪರೀಕ್ಷಿಸಿ, ಮತ್ತೆ ಇಳಿಸಿ ನೋಡಿದೆ. ಹಿಡಿಯಿತು. ಆಮೇಲೆ ಆಂಟಿ ಹತ್ತಿದರು. ಯಾರೂ ಆರತಿ ತರಲಿಲ್ಲ, ದಿಕ್ಕು ಕೇಳಲಿಲ್ಲ.

ಅವರು ಮೇಲಿನಿಂದ ಆರಂಭಿಸಿ ಇಳಿಯತೊಡಗಿದರು. ಮೈದುನ ಪಕ್ಕದಲ್ಲಿ ನಡೆಯುತ್ತ ವಾದಿಸುತ್ತಿದ್ದರು: ಚಳಿಗಾಲದ ಹಿಮ, ವಯಸ್ಸು, ಮಂಡಿಯ ಆಪರೇಶನ್, ಜಾಗಕ್ಕೆ ಈಗಿರುವ ಬೆಲೆ. ಆದರೆ ಟ್ರ್ಯಾಕ್ಟರ್ ಎಷ್ಟು ನಿಧಾನವಾಗಿ ಹೋಗುತ್ತಿತ್ತೆಂದರೆ, ಎರಡು ಮಾತು ಆಡುವಷ್ಟರಲ್ಲಿ ಅವರೇ ಅದನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದರು. ನಿಲ್ಲಬೇಕಾಗುತ್ತಿತ್ತು. ಅದು ಬಂದು ಸೇರುವವರೆಗೆ ಕಾದು, ಮತ್ತೆ ಮಾತು ಶುರು ಮಾಡಬೇಕಾಗುತ್ತಿತ್ತು. ಹಾಗೆ ಕಾಯುತ್ತ ನಿಂತಾಗ ಅವರಿಗೆ ಹಿಂದಿನ ವಾಕ್ಯ ಮರೆತುಹೋಗುತ್ತಿತ್ತು.

"ಇಷ್ಟು ಸ್ಲೋ ಆದ್ರೆ ಇದು ಯಾವಾಗ ಮುಗಿಯುವುದು ಅತ್ತಿಗೆ?"

"ಕತ್ತಲಾಗುವ ಒಳಗೆ ಮುಗೀತದೆ. ನಿಂಗೆ ಅರ್ಜೆಂಟ್ ಇದ್ರೆ ನೀನು ಹೋಗು."

ಆಂಟಿಯ ಎರಡೂ ಕಾಲುಗಳು ಪೆಡಲಿನಿಂದ ದೂರ, ಫುಟ್‌ರೆಸ್ಟಿನ ಮೇಲೆ ಇದ್ದವು. ಬೆಲ್ಟ್ ಬಿಗಿಯಾಗಿತ್ತು. ಮೈದುನ ಇನ್ನೂ ಎರಡು ಸಾಲು ಜೊತೆಗೆ ನಡೆದು, ಇನ್ನೊಂದು ಸಾಲು ನಿಂತು ನೋಡಿ, ಕೊನೆಗೆ ಕೋಟಿಗೆ ಅಂಟಿದ್ದ ಹುಲ್ಲು ಕೊಡವಿಕೊಂಡು ಕಾರಿನ ಕಡೆ ಹತ್ತಿದರು. ಕೊನೆಯ ಸಾಲು ಮುಗಿದಾಗ ಕಟ್ಟಡದ ಆಚೆ ಹೈವೇಯ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಬಿಲ್ಡರಿಗೆ ಫೋನ್ ಹೋಗಲಿಲ್ಲ. ನನ್ನ ಮೇಲೆ ದೂರೂ ಹೋಗಲಿಲ್ಲ. ನನ್ನ ವೀಸಾ ಮಾತ್ರ ಹಾಗೆಯೇ ಇತ್ತು, ಸೋಮವಾರವೂ ನಾನು ಅವಲಂಬಿತೆಯೇ.

ಮರುವರ್ಷದ ಆಯುಧಪೂಜೆಗೆ ಆಂಟಿ ಬಾನೆಟ್ಟಿಗಷ್ಟೇ ಕುಂಕುಮ ಇಟ್ಟರು. ಗಾಡಿ ಪಶ್ಚಿಮಕ್ಕೆ, ಏರಿನ ಕಡೆಗೆ ನಿಂತಿತ್ತು.